ಮಾಬುಸಾಬರ ಫೋನಿನಲ್ಲಿ ನನ್ನ ಧ್ವನಿ

“ಇದು ನನ್ನ ಧ್ವನಿ ಅಲ್ಲ.”

ಹೀಗೆ ಹೇಳಿದವನು ನಾನು. ಹೇಳಿದ್ದು ಹೋದ ವಾರ, ನಮ್ಮ ಮನೆಯ ಕಟ್ಟೆಯ ಮೇಲೆ, ಸಂಜೆ ಚಹಾದ ಹೊತ್ತಿಗೆ. ಎದುರಿಗೆ ಮಾಬುಸಾಬರು ಕೂತಿದ್ದರು. ನಮ್ಮ ಓಣಿಯ ನಳಕ್ಕೆ ಹನ್ನೆರಡು ವರ್ಷ ನೀರು ಬಿಟ್ಟವರು. (ಹನ್ನೆರಡು ಅನ್ನೋದು ನನಗೆ ನೆನಪಿದ್ದದ್ದಲ್ಲ. ಅವರನ್ನೇ ಕೇಳಿ ಬರೆದಿದ್ದೇನೆ. ನನ್ನ ನೆನಪಿನ ಯೋಗ್ಯತೆ ಏನು ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತದೆ.)

ಅವರ ಕೈಯಲ್ಲಿ ಗಾಜು ಸೀಳಿದ ಒಂದು ಫೋನು. ಅದರೊಳಗೆ ಒಬ್ಬ ಮನುಷ್ಯ ಮಾತಾಡುತ್ತಿದ್ದ. ನಡುನಡುವೆ ಕೆಮ್ಮುತ್ತಿದ್ದ. ಮಾತಿಗೊಮ್ಮೆ ‘ಏನಂದ್ರ’ ಅಂತ ಎಳೆಯುತ್ತಿದ್ದ. ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ಅಣಕಿಸುವುದು ಇದೇ ಕೆಮ್ಮನ್ನು, ಇದೇ ‘ಏನಂದ್ರ’ವನ್ನು.

ಆದರೂ ಅಂದೆ: “ಇದು ನನ್ನ ಧ್ವನಿ ಅಲ್ಲ. ಈಗ ಎಐ ಬಂದೇತಿ. ಯಾರ ಧ್ವನಿ ಬೇಕಾದ್ರೂ ಮಾಡ್ತಾರ.”

ಯಾರಿಗೆ ಹೇಳುತ್ತಿದ್ದೆ? ಓದಲು ಬಾರದ್ದಕ್ಕೆ ಫೋನಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಹಣ್ಣಿನ ಚಿತ್ರ ಹಾಕಿಸಿಕೊಂಡಿರುವ ಮನುಷ್ಯನಿಗೆ. (ನಾನು ಅವರ ಫೋನಿನಲ್ಲಿ ಸೀತಾಫಲ.)

ಅಡುಗೆಮನೆಯಿಂದ ನನ್ನ ಹೆಂಡತಿಯ ನಗು ಕೇಳಿಸಿತು. “ಎಐ ನಿಮ್ಮ ಕೆಮ್ಮು ಎಲ್ಲಿಂದ ತರಬೇಕ್ರಿ? ಅದರಾಗ ಹಿಂದ ‘ಹಾಲು ಉಕ್ಕಾಕತ್ತೇತಿ, ಗ್ಯಾಸ್ ಆರಸ್ರಿ’ ಅಂತ ಒದರಾಕತ್ತಾಕಿ ನಾನ ಅದೀನಿ. ನನ್ನೂ ಎಐ ಮಾಡೇತೇನು?”

ಮಾಬುಸಾಬರು ನಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನೀವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಾಗಿದ್ದರೆ ನಳದ ದಿನ ಅಂದರೆ ಏನು ಅಂತ ವಿವರಿಸಬೇಕಿಲ್ಲ. (ನಮ್ಮೂರು ಇವುಗಳಲ್ಲಿ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಉಳಿದ ಮೂರು ಊರಿನವರು ‘ಆ ಊರಿನ ಮಂದಿನ ಹಂಗ’ ಅಂತ ಪುಟ ತಿರುವಿಬಿಡುತ್ತೀರಿ.) ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಆ ದಿನ ಓಣಿಯಲ್ಲಿ ಯಾರೂ ಊರಿಗೆ ಹೋಗುವುದಿಲ್ಲ. ಆ ದಿನ ಲಗ್ನ ಇಟ್ಟುಕೊಂಡರೆ ಅರ್ಧ ಓಣಿ ಊಟಕ್ಕೆ ಬರುವುದಿಲ್ಲ. ಬೇವಿನ ಗಿಡದ ಬುಡದಲ್ಲಿ ಒಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ನಮ್ಮ ಓಣಿಯ ವಾಲ್ವು. ಮಾಬುಸಾಬರು ಎದೆಯುದ್ದದ ಕಬ್ಬಿಣದ ಚಾವಿ ತಂದು, ಬಗ್ಗಿ, ಅದನ್ನು ತಿರುಗಿಸಿದರೆ ನಮಗೆ ಹಬ್ಬ. ಹೊತ್ತು ಮುಂಜಾನೆ ಐದು. ಯಾವತ್ತೂ ಐದು.

ಈ ವರ್ಷ ಮಳೆಗಾಲದ ಹೊತ್ತಿಗೆ ಅದು ಮಧ್ಯಾಹ್ನ ಹನ್ನೆರಡಾಗಿತ್ತು.

ಮಧ್ಯಾಹ್ನ ಓಣಿಯಲ್ಲಿ ಯಾರಿರುತ್ತಾರೆ? ನಾನು ಕಾಲೇಜಿನಲ್ಲಿ. ಹೆಂಡತಿ ತಾನು ಕಲಿಸುವ ಸಾಲಿಯಲ್ಲಿ. ಅರ್ಧ ಮನೆಗಳಿಗೆ ಬೀಗ. ನೀರು ಬರುತ್ತಿತ್ತು, ಬೀಗ ನೋಡಿ ಹೋಗುತ್ತಿತ್ತು. ಮನೆಗೆ ಬಂದರೆ ಸಂಪಿನ ತಳದಲ್ಲಿ ಹಲ್ಲಿ ಓಡಾಡುತ್ತಿತ್ತು.

ಒಂದು ರವಿವಾರ ಮಾಬುಸಾಬರು ಬೇರೆ ಕೆಲಸಕ್ಕೆ ಓಣಿಯಲ್ಲಿ ಹಾಯ್ದರು. ನಾನು ಅಂಗಳದಿಂದಲೇ ಕೂಗಿದೆ. “ಏ ಮಾಬು, ನಿಲ್ಲು. ಯಾರನ್ನ ಕೇಳಿ ಹೊತ್ತು ಬದಲಿ ಮಾಡಿದಿ?”

ಅವರು ಗಾಡಿ ನಿಲ್ಲಿಸಿದರು. ನಕ್ಕರು. “ಸರ್, ನೀವ ಹೇಳಿದ್ರಲ್ರಿ?”

ನನ್ನ ತಲೆಯಲ್ಲಿ ಏನೋ ಸಿಡಿಯಿತು. “ನಾ ಹೇಳಿದ್ನಾ? ನನ್ನ ಮ್ಯಾಲ ಹಾಕ್ತಿ? ಓಣಿ ಮುಂದ ಸುಳ್ಳು ಹೇಳ್ತಿ?”

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಬಾಗಿಲು ತೆರೆದ ಮೇಲೆ ನನ್ನ ದನಿ ಇನ್ನಷ್ಟು ಏರಿತು. (ನೋಡುವವರಿದ್ದರೆ ಸಿಟ್ಟಿಗೂ ಹುರುಪು ಬರುತ್ತದೆ. ಗಮನಿಸಿದ್ದೀರಾ?) ಮಾಬುಸಾಬರು ಜೇಬಿಗೆ ಕೈ ಹಾಕಿ ಏನೋ ತೆಗೆಯಲು ಹೋದರು. “ಕೈ ಕೆಳಗ ಇಡು, ಮೊದಲು ಉತ್ತರ ಹೇಳು” ಅಂತ ಒದರಿದೆ. ಅವರು ಕೈ ತೆಗೆದರು. ಗಾಡಿ ಚಾಲೂ ಮಾಡಿಕೊಂಡು ಹೋದರು.

ಅವತ್ತೇ ನೀರು ಸರಬರಾಜಿನ ಆಫೀಸಿಗೆ ಅರ್ಜಿ ಬರೆದೆ.

ಅರ್ಜಿ ಬರೆಯುವುದು ನನಗೆ ಬರುತ್ತದೆ. ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿದವನು ನಾನು. ದೇವರಿಗೂ ಪುರಾವೆ ಕೇಳಿ ಅಪ್ಪನಿಂದ ಬೈಸಿಕೊಂಡವನು. ಓಣಿಯಲ್ಲಿ ನನಗೆ ‘ಪುರಾವೆ ಸರ್’ ಅಂತಲೇ ಹೆಸರು. ಯಾರಾದರೂ ‘ಇಂಥವರ ಮನೆಯಲ್ಲಿ ದೆವ್ವ ಐತಂತ’ ಅಂದರೆ, ಯಾರು ನೋಡಿದರು, ಎಷ್ಟು ಹೊತ್ತಿಗೆ, ದೀಪ ಇತ್ತೋ ಇಲ್ಲವೋ ಅಂತ ಬೆವರಿಳಿಸುತ್ತೇನೆ.

ಅಂಥವನು ಅರ್ಜಿಯಲ್ಲಿ ಏನು ಬರೆದೆ ಗೊತ್ತೇ? ‘ಸದರಿ ನೀರುಗಂಟಿಯು ಮೇ ತಿಂಗಳಿನಿಂದ ತನ್ನ ಮನಸ್ಸಿಗೆ ಬಂದಂತೆ ನೀರಿನ ವೇಳೆ ಬದಲಿಸಿದ್ದು, ನಿವಾಸಿಗಳು ಇದನ್ನು ತಾಳ್ಮೆಯಿಂದ ಸಹಿಸಿಕೊಂಡಿರುತ್ತಾರೆ. ಮುಂಜಾನೆಯ ನೀರನ್ನು ಬೇರೆ ಕಡೆ ಬಿಟ್ಟು ಲಾಭ ಪಡೆಯುತ್ತಿರುವ ಸಂಶಯವಿದೆ. ಇದು ಕರ್ತವ್ಯಲೋಪ ಮಾತ್ರವಲ್ಲ, ದುರುದ್ದೇಶವೂ ಹೌದು.’

ದುರುದ್ದೇಶ. ಆ ಶಬ್ದ ಬರೆದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ಅದರ ಕೆಳಗೆ ಗೆರೆ ಎಳೆದೆ.

ಮೊದಲ ಸಹಿ ನನ್ನದು. ಹಾಳೆ ಹಿಡಿದು ಮನೆಮನೆಗೆ ಹೋದೆ. ಹನ್ನೊಂದು ಜನ ಸಹಿ ಹಾಕಿದರು. ಒಬ್ಬರು ಮೊಮ್ಮಗಳಿಗೆ ಇಡ್ಲಿ ತಿನ್ನಿಸುತ್ತ, ಒಬ್ಬರು ಫೋನಿನಲ್ಲಿ ಮಾತಾಡುತ್ತ. “ನೀವು ಬರದಿದ್ದು ಅಂದಮ್ಯಾಗ ಓದೂದೇನೈತ್ರಿ ಸರ್?” ಅಂದರು. ಆ ಮಾತಿಗೆ ನಾನು ಉಬ್ಬಿದೆ.

ಒಬ್ಬಳೇ ಒಬ್ಬಳು ಹಾಕಲಿಲ್ಲ. ಓಣಿಯ ಮೂಲೆಯಲ್ಲಿ ರೊಟ್ಟಿ ಖಾನಾವಳಿ ಇಟ್ಟಿರುವ ಗಂಗಮ್ಮ.

“ನನಗ ಸಹಿ ಬರಂಗಿಲ್ರಿ ಸರ್” ಅಂದಳು.

“ಹೆಬ್ಬೆಟ್ಟು ಒತ್ತವಾ.”

“ಹೆಬ್ಬೆಟ್ಟು ಹಂಚಿಗೆ ಸುಟ್ಟೈತ್ರಿ.”

ಬ್ಯಾಂಕಿನಲ್ಲಿ ಗಂಗಮ್ಮ ಸಹಿ ಹಾಕುವುದನ್ನು ನಾನೇ ನೋಡಿದ್ದೇನೆ. ಆದರೂ ಅವತ್ತು ಅನಕ್ಷರಸ್ಥರ ಬಗ್ಗೆ ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋದೆ.

ಹತ್ತು ದಿನದಲ್ಲಿ ಮಾಬುಸಾಬರ ಕೈಯಿಂದ ಚಾವಿ ಹೋಯಿತು. ಗುತ್ತಿಗೆಯ ಕೆಲಸ, ಕೈಯಲ್ಲಿ ಆರ್ಡರ್ ಕಾಗದವಿಲ್ಲ. ತೆಗೆಯುವುದಕ್ಕೂ ಕಾಗದ ಬೇಕಾಗಲಿಲ್ಲ. ‘ನಾಳಿಯಿಂದ ಬರಬ್ಯಾಡ’ ಅಂದರಂತೆ. ಹೊಸಬ ಬಂದ. ಮುಂಜಾನೆ ಐದಕ್ಕೆ ನೀರು ಬಂತು. ಓಣಿಯ ವಾಟ್ಸಪ್ಪಿನಲ್ಲಿ ನನ್ನ ಹೆಸರಿನ ಮುಂದೆ ಸಾಲುಸಾಲು ಕೈಜೋಡಿಸಿದ ಚಿತ್ರಗಳು. ನಾನು ‘ಇದು ನಮ್ಮೆಲ್ಲರ ಗೆಲುವು’ ಅಂತ ಬರೆದೆ. ಆಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಂಡೆನೋ ಇಲ್ಲವೋ ನೆನಪಿಲ್ಲ. ನೋಡಿಕೊಂಡಿರಬೇಕು.

ಈಗ ಕಟ್ಟೆಗೆ ಬನ್ನಿ. ಫೋನಿನಲ್ಲಿದ್ದ ಮನುಷ್ಯ, ಅಂದರೆ ಸೀತಾಫಲ, ಏಪ್ರಿಲ್ ಕೊನೆಗೆ ಕಳಿಸಿದ್ದ ಮಾತು ಇದು:

“ಮಾಬುಸಾಬರ, ನಮಸ್ಕಾರ್ರಿ. ನಾ ಸರ್ ಮಾತಾಡೂದು. ಏನಂದ್ರ, ನಮಗ ಕಾಲೇಜ್ ಸೂಟಿ ಬಿಟ್ಟೈತ್ರಿ. ಏನಂದ್ರ, ಸೂಟಿಯೊಳಗ ಐದಕ್ಕ ಎದ್ದು ನೀರು ಹಿಡಿಯೂದು ಆಗವಲ್ದು. ಮಧ್ಯಾಹ್ನದಾಗ ಬಿಟ್ರ ಛಲೋ ಆಗತೈತಿ ನೋಡ್ರಿ. ಓಣಿಯವ್ರೂ ಹಂಗ ಅಂತಾರ, ಎಲ್ಲಾರೂ ಒಪ್ಪ್ಯಾರ. ನಾ ಮತ್ತ ಹೇಳೂತನಕ ಹಂಗ ನಡೀಲಿ. ಉಪಕಾರ ಆತ್ರಿ.”

ಓಣಿಯವರನ್ನು ನಾನು ಕೇಳಿರಲಿಲ್ಲ. ಮತ್ತೆ ಹೇಳಲೂ ಇಲ್ಲ.

ನಿದ್ದೆಗೋಸ್ಕರ, ಸ್ವಾಮಿ. ಮುಂಜಾನೆಯ ಎರಡು ತಾಸಿನ ನಿದ್ದೆಗೋಸ್ಕರ ಒಂದು ಓಣಿಯ ನೀರಿನ ಹೊತ್ತು ಬದಲಿಸಿದವನು ನಾನು. ಬದಲಿಸಿ ಮರೆತವನು ನಾನು. ಮರೆತು ಅರ್ಜಿ ಬರೆದವನೂ ನಾನೇ.

ಮರೆತದ್ದಷ್ಟೇ ಆಗಿದ್ದರೆ ‘ವಯಸ್ಸಾಯಿತು’ ಅಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ನನ್ನ ತಲೆ ಬರೀ ಮರೆತಿರಲಿಲ್ಲ, ಆ ಜಾಗದಲ್ಲಿ ಬೇರೆಯದನ್ನು ಕಟ್ಟಿತ್ತು. ನನಗೆ ಸ್ಪಷ್ಟವಾಗಿ ನೆನಪಿದೆ: ಮೇ ತಿಂಗಳ ಉರಿಬಿಸಿಲು, ಮಾಬುಸಾಬರು ಬೇವಿನ ಗಿಡದ ಕೆಳಗೆ ನಿಂತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ‘ಇನ್ಮ್ಯಾಲ ಹನ್ನೆರಡಕ್ಕ ಬಿಡೂದು, ಬೇಕಾದ್ರ ಹಿಡೀರಿ’ ಅಂದದ್ದು. ಅವರು ತೊಟ್ಟಿದ್ದ ಕಂದು ಬಣ್ಣದ ಅಂಗಿ. ಮುರಿದ ಮೇಲಿನ ಗುಂಡಿ. ಅವರನ್ನು ಕೇಳಿದೆ. ಅವರ ಹತ್ತಿರ ಕಂದು ಅಂಗಿಯೇ ಇಲ್ಲ. ನಡೆಯದ ಸಂಗತಿಗೆ ನಾನು ಗುಂಡಿ ಸಮೇತ ಅಂಗಿ ಹೊಲಿದಿದ್ದೆ!

ಇವತ್ತಿಗೂ ಕಣ್ಣು ಮುಚ್ಚಿದರೆ ಆ ಅಂಗಿ ಕಾಣುತ್ತದೆ. ಧ್ವನಿ ಕೇಳಿದ ಮೇಲೂ. ಇಂಥ ತಲೆಯನ್ನು ನಂಬಿ ನಾನು ಎಷ್ಟು ಜನರ ಮೇಲೆ ಸಿಟ್ಟಿಟ್ಟುಕೊಂಡಿದ್ದೇನೆ? ಮಾತು ಬಿಟ್ಟ ಆ ಭಾವ, ಹೋಗದೆ ಬಿಟ್ಟ ಆ ಗೆಳೆಯನ ಮನೆ? ಅವರೆಲ್ಲರ ಅಂಗಿಗಳೂ ನಾನೇ ಹೊಲಿದವೇ? ಅವರು ಯಾರೂ ನನ್ನ ಧ್ವನಿ ಇಟ್ಟುಕೊಂಡಿಲ್ಲ. ಮಾಬುಸಾಬರಿಗೆ ಓದಲು ಬರದಿದ್ದಕ್ಕೆ ಪುರಾವೆ ಉಳಿಯಿತು. ಬಂದಿದ್ದರೆ ನಾನು ಬರೆದು ಕಳಿಸುತ್ತಿದ್ದೆ, ಆಮೇಲೆ ಅಳಿಸಿಯೂ ಬಿಡುತ್ತಿದ್ದೆ.

“ಅವತ್ತ ಓಣ್ಯಾಗ ಇದನ್ನ ಕೇಳಸಾಕಂತ ಜೇಬಿಗೆ ಕೈ ಹಾಕಿದ್ನಿ” ಅಂದರು ಮಾಬುಸಾಬರು. “ನೀವು ಕೈ ಕೆಳಗ ಇಡು ಅಂದ್ರಿ. ಆಫೀಸ್ನ್ಯಾಗ ತಗದ್ನಿ. ಸಾಹೇಬ್ರು ‘ಫೋನ್ ಒಳಗ ಇಡು, ಇಲ್ಲಿ ಬರವಣಿಗಿ ನಡೀತೈತಿ’ ಅಂದ್ರು.”

“ನನಗ ಮೊದಲ ಯಾಕ ಬಂದು ಹೇಳಲಿಲ್ಲ?” ಅಂದೆ. (ಆ ಹೊತ್ತಿನಲ್ಲೂ ತಪ್ಪನ್ನು ಅವರ ಕಡೆಗೆ ತಳ್ಳಲು ಒಂದು ಸಂದಿ ಹುಡುಕುತ್ತಿದ್ದೆ. ನಾಚಿಕೆ ಅಷ್ಟು ಬೇಗ ಬರುವುದಿಲ್ಲ.)

“ಹೇಳಿದ್ನಲ್ರಿ. ‘ನೀವ ಹೇಳಿದ್ರಲ್ರಿ’ ಅಂದ್ನಿ. ಇನ್ನೆಷ್ಟು ಸಲ ಹೇಳಬೇಕ್ರಿ ಬಡವ?”

ಅವರು ಎದ್ದು ನಿಂತರು. “ಯಲಬುರ್ಗಾ ಕಡೆ ಒಂದು ಹಳ್ಳ್ಯಾಗ ನೀರು ಬಿಡೂ ಕೆಲಸ ಐತಿ ಅಂತ ಹೋಗಿದ್ನಿ. ‘ನೀರು ಮಾರ್ಕೊಂಡ ಮಾಬು ನೀನ ಅಲ್ಲೇನು?’ ಅಂದ್ರು. ಅಷ್ಟು ದೂರ ನೀರು ಹರಿಯಂಗಿಲ್ರಿ ಸರ್, ನಿಮ್ಮ ಮಾತು ಹರೀತು. ನನ್ನ ಮ್ಯಾಲ ಬರದ್ರಿ. ಈಗ ನಿಮ್ಮ ಮ್ಯಾಲ ಬರೀರಿ ನೋಡೂಣು.”

ಚಹಾ ಮುಟ್ಟದೆ ಹೋದರು.

ಮರುದಿನ ಆಫೀಸಿಗೆ ಹೋದೆ. ಅರ್ಜಿ ವಾಪಸ್ ಪಡೆಯುತ್ತೇನೆ ಅಂದೆ. ಸಾಹೇಬರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

“ಭಾಳ ಸರಳ ಐತ್ರಿ ಸರ್” ಅಂದರು. “‘ಸದರಿಯವರ ಬಡತನ ಪರಿಗಣಿಸಿ ಮಾನವೀಯತೆಯ ದೃಷ್ಟಿಯಿಂದ ಕ್ಷಮಿಸಿರುತ್ತೇವೆ’ ಅಂತ ಎರಡು ಸಾಲು ಬರೀರಿ. ಮೊದಲನೇ ಸಹಿ ನಿಮ್ಮದೈತಿ, ನಿಮ್ಮೊಬ್ರದ ಸಾಕು. ನಾಡದ್ದು ಚಾವಿ ಕೊಡಸ್ತೀನಿ. ನಿಮಗೂ ದೊಡ್ಡಸ್ತನ ಬರತೈತಿ.”

“ತಪ್ಪು ಅವರದಲ್ಲ, ನಂದು ಅಂತ ಬರದ್ರ?”

ಸಾಹೇಬರು ಕನ್ನಡಕ ತೆಗೆದರು. “ಹಂಗಾದ್ರ ದೂರು ಸುಳ್ಳು ಅಂತ ಆತಲ್ರಿ? ಸಹಿ ಹಾಕಿದ ಹನ್ನೆರಡೂ ಮಂದಿ ‘ನಾವು ತಿಳಿಯದೆ ಸಹಿ ಹಾಕೇವಿ’ ಅಂತ ಬರದು ಕೊಡಬೇಕಾಗತೈತಿ. ಇಲ್ಲಂದ್ರ ಉಳದವ್ರ ದೂರು ಹಂಗ ನಿಲ್ಲತೈತಿ. ಯಾಕ್ ಬೇಕ್ರಿ ಈ ಉಸಾಬರಿ? ಕೆಲಸ ಆಗೂದು ಮುಖ್ಯ ಅಲ್ಲೇನು?”

ಖರೆ ಹೇಳುತ್ತೇನೆ, ಪೆನ್ನು ಕೈಯಲ್ಲಿತ್ತು. ಎಷ್ಟು ಚೆಂದದ ದಾರಿ ನೋಡಿ! ಅವರಿಗೆ ಚಾವಿ, ನನಗೆ ಕೀರ್ತಿ. ತಪ್ಪು ಮಾಡಿದವನು ನಾನು, ಕ್ಷಮಿಸುವವನೂ ನಾನು. ಕರುಣೆ ಅನ್ನುವ ಶಬ್ದದೊಳಗೆ ಇಂಥದೊಂದು ಕಳ್ಳಬಾಗಿಲು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಥವಾ ಗೊತ್ತಿತ್ತೇನೋ. ಎಷ್ಟೋ ಸಲ ಅದರಲ್ಲೇ ಓಡಾಡಿದ್ದೆನೇನೋ.

ಪೆನ್ನು ಜೇಬಿಗೆ ಹಾಕಿ, ಒಂದು ಮಾತು ಕೇಳಿ ಬರುತ್ತೇನೆ ಅಂತ ಎದ್ದೆ.

ಮಾಬುಸಾಬರು ಸಿಕ್ಕಿದ್ದು ಗಂಗಮ್ಮನ ಖಾನಾವಳಿಯಲ್ಲಿ. ಬಚ್ಚಲಿನ ನಳ ಸೋರುತ್ತಿತ್ತು, ಅದಕ್ಕೆ ದಾರ ಸುತ್ತುತ್ತಿದ್ದರು. ಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನು ಸಾಹೇಬರ ಎರಡು ಸಾಲು ಹೇಳಿದೆ.

“ಮಾಫಿ ಮಾಡೇವಿ ಅಂತ ಬರೀತೀರಿ?” ಮಾಬುಸಾಬರು ತಲೆ ಎತ್ತಲಿಲ್ಲ. “ಮಾಫಿ ತಪ್ಪು ಮಾಡಿದವ್ಗ ಕೊಡೂದು. ನಾ ಅದನ್ನ ತಗೊಂಡ್ರ ‘ಹೌದು, ಮಾರ್ಕೊಂಡಿದ್ನಿ’ ಅಂದಂಗಾತು. ಅಳವಂಡ್ಯಾಗ ಮಗಳ ಮನಿ ಐತಿ. ಅಕಿ ಮಾವ ಈಗ ನನ್ನ ಜೋಡಿ ಒಂದ ತಾಟಿನ್ಯಾಗ ಉಣ್ಣಾಕ ಕುಂದ್ರವಲ್ಲ. ಬ್ಯಾಡ್ರಿ.”

“ಆದ್ರ ಚಾವಿ ನಾಡದ್ದ ಸಿಗತೈತಿ. ತಪ್ಪು ನಂದು ಅಂತ ಬರದ್ರ ಹನ್ನೆರಡೂ ಮಂದಿ ಸಹಿ ಹಾಕಬೇಕು, ಎಂದ ಸಿಗತೈತೋ, ಸಿಗತೈತೋ ಇಲ್ಲೋ.”

“ಸಿಗದಿದ್ರ ಇರಲಿ. ಚಾವಿ ಕಬ್ಬಿಣದ್ದು. ಇನ್ನೊಂದು ಮಾಡಸಬಹುದು.”

ಗಂಗಮ್ಮ ರೊಟ್ಟಿ ತಿರುವಿ ಹಾಕಿದಳು. “ನನಗ ಗೊತ್ತಿತ್ರಿ ಸರ್.”

“ಏನು?”

“ನೀವ ಹೊತ್ತು ಬದಲಿ ಮಾಡ್ಸೀರಿ ಅಂತ. ಜೂನ್‌ನ್ಯಾಗ ‘ಯಾಕೋ ಮಾಬಣ್ಣ, ಇನ್ನೂ ಮಧ್ಯಾಹ್ನದಾಗ ಬಿಡ್ತಿ?’ ಅಂತ ಕೇಳಿದ್ನಿ. ‘ಸರ್ ಹೇಳ್ಯಾರಬೇ, ಓಣಿ ಒಪ್ಪೇತಂತ’ ಅಂದ. ನಾನೂ ಓಣ್ಯಾಗ ಅದೀನಿ, ನನ್ನ ಯಾರು ಕೇಳ್ಯಾರ ಅಂದ್ಕೊಂಡು ಸುಮ್ಮನಾದ್ನಿ.”

“ಅರ್ಜಿ ತಂದಾಗ ನನಗ ಹೇಳಬಾರದಿತ್ತಾ?”

“ನಿಮಗ ಹೇಳೂದಾ?” ಗಂಗಮ್ಮ ಮೊದಲ ಸಲ ನನ್ನ ಮುಖ ನೋಡಿದಳು. “ಒಂದು ಮಾತಾಡಿದ್ರ ಪುರಾವೆ ಪುರಾವೆ ಅಂತ ಹತ್ತು ಪ್ರಶ್ನಿ ಹಾಕ್ತೀರಿ. ನಾ ರೊಟ್ಟಿ ಬಡೀಲೋ, ನಿಮ್ಮ ಪರೀಕ್ಷಿ ಬರೀಲೋ? ಅದಕ್ಕ ಬೆರಳು ಸುಟ್ಟೈತಿ ಅಂದ್ನಿ.”

ಇಪ್ಪತ್ತು ವರ್ಷದಿಂದ ನಾನು ಪ್ರಶ್ನೆ ಕೇಳುವುದನ್ನು ಒಂದು ಗುಣ ಅಂತ ಹೊತ್ತು ಮೆರೆದಿದ್ದೇನೆ. ಜನ ನನ್ನೆದುರು ಸುಮ್ಮನಾಗುವುದನ್ನು ಒಪ್ಪಿಗೆ ಅಂದುಕೊಂಡಿದ್ದೇನೆ. ಎಲ್ಲರಿಗೂ ಪುರಾವೆ ಕೇಳಿದೆ, ನನಗೆ ಕೇಳಿಕೊಂಡೆನಾ? ಮುಂಜಾನೆಯ ನೀರು ಬೇರೆ ಕಡೆ ಹೋಗುತ್ತದೆ ಅಂತ ಯಾರು ಹೇಳಿದ್ದು ಅಂತ ಆಮೇಲೆ ಓಣಿಯಲ್ಲಿ ವಿಚಾರಿಸಿದೆ. ಪ್ರತಿಯೊಬ್ಬರೂ ಇನ್ನೊಬ್ಬರನ್ನು ತೋರಿಸಿದರು. ಕೊನೆಯವರು ನನ್ನನ್ನು ತೋರಿಸಿದರು. “ನೀವ ಅಂದಿದ್ರಲ್ರಿ, ಹೊಸ ಲಾಡ್ಜಿನವ್ರಿಗೆ ಮುಂಜಾನಿ ನೀರು ಎಲ್ಲಿಂದ ಬರತೈತಿ ಅಂತ?” ಹಾಗೆ ಅಂದದ್ದು ನನಗೆ ನೆನಪಿಲ್ಲ. ಆದರೆ ನನಗೆ ನೆನಪಿಲ್ಲ ಅನ್ನುವುದು ಇನ್ನು ಮುಂದೆ ಒಂದು ವಾದವೇ ಅಲ್ಲವಲ್ಲ! ಲಾಡ್ಜಿಗೆ ಸ್ವಂತ ಬೋರ್‌ವೆಲ್ ಇದೆ. ಹೋಗಿ ನೋಡಿಬಂದೆ. ಐದು ನಿಮಿಷದ ದಾರಿ.

ಹಾಗಾದರೆ ಅವತ್ತು ಓಣಿಯಲ್ಲಿ ನನ್ನ ತಲೆಯಲ್ಲಿ ಸಿಡಿದದ್ದೇನು? ಇದನ್ನು ಈ ವಾರ ದಿನಾ ಕೆದಕಿದ್ದೇನೆ. ನೀರಿಗಾಗಿ ಸಿಟ್ಟು ಬಂದಿದ್ದರೆ ‘ಇನ್ಮ್ಯಾಲ ಮುಂಜಾನಿ ಬಿಡ್ರಿ’ ಅಂದರೆ ಮುಗಿಯುತ್ತಿತ್ತು. ಅದನ್ನು ಹೇಳಲೇ ಇಲ್ಲ. ನನ್ನನ್ನು ಕೆರಳಿಸಿದ್ದು ಅವರ ನಗು. ಚಾವಿ ಹಿಡಿದ ಮನುಷ್ಯ, ನನ್ನ ಎದುರು, ಹೆದರದೆ ನಕ್ಕದ್ದು. ಅವರ ನಗುವಿನಲ್ಲಿ ನಾನು ಉದ್ಧಟತನ ನೋಡಿದೆ. ಅದು ಪರಿಚಯದ ನಗು, ಮತ್ತೇನಲ್ಲ. ಏಪ್ರಿಲ್ಲಿನಲ್ಲಿ ಉಪಕಾರ ಬೇಡಿದ ಮನುಷ್ಯ ಈಗ ತಮಾಷೆಗೆ ಬೈಯುತ್ತಿದ್ದಾನೆ ಅಂದುಕೊಂಡಿದ್ದರು ಅವರು. ಏಪ್ರಿಲ್ಲಿನಲ್ಲಿ ನಾನು ಅವರಿಗೆ ‘ಮಾಬುಸಾಬರ, ನಮಸ್ಕಾರ್ರಿ’ ಅಂದಿದ್ದೆ. ಜುಲೈನಲ್ಲಿ ‘ಏ ಮಾಬು, ನಿಲ್ಲು’. ಎರಡೂ ಮನುಷ್ಯರು ನಾನೇ. ಬೇಕಾದಾಗ ಒಬ್ಬ, ಬೇಡವಾದಾಗ ಇನ್ನೊಬ್ಬ.

ಅವರ ಹೆಸರು ಬೇರೆಯಾಗಿದ್ದರೆ ‘ದುರುದ್ದೇಶ’ ಅನ್ನುವ ಶಬ್ದ ಅಷ್ಟು ಸಲೀಸಾಗಿ ಪೆನ್ನಿಗೆ ಬರುತ್ತಿತ್ತೇ? ಈ ಪ್ರಶ್ನೆಯನ್ನು ಹೆಂಡತಿ ಕೇಳಿದಳು. ‘ಛೇ, ನಾನು ಅಂಥವನಲ್ಲ’ ಅಂತ ಬಾಯಿಗೆ ಬಂತು. ಅದನ್ನೂ ನುಂಗಿದೆ. ನಾನು ಎಂಥವನು ಅಂತ ಹೇಳುವ ಅಧಿಕಾರ ಸದ್ಯ ನನಗಿಲ್ಲ.

ಈಗ ಗೆಳೆಯರು ಸಮಾಧಾನ ಹೇಳುತ್ತಿದ್ದಾರೆ. ‘ಮನಸಿಗೆ ಹಚ್ಕೋಬ್ಯಾಡ್ರಿ, ಎಲ್ಲಾರೂ ಮನಷ್ಯಾರ. ಮುಂಜಾನಿ ಹತ್ತು ನಿಮಿಷ ಧ್ಯಾನ ಮಾಡ್ರಿ, ನಿಮ್ಮನ್ನ ನೀವು ಕ್ಷಮಿಸಿಕೊಳ್ರಿ.’ ಯಾಕೆ ಕ್ಷಮಿಸಿಕೊಳ್ಳಲಿ? ನಾನು ಕಣ್ಣು ಮುಚ್ಚಿ ಕೂತು ಹಗುರಾದರೆ ಫೈಲಿನಲ್ಲಿರುವ ‘ದುರುದ್ದೇಶ’ ತಾನಾಗಿ ಅಳಿಸುತ್ತದೆಯೇ? ಅಳವಂಡಿಯ ಬೀಗರು ತಾಟಿನ ಮುಂದೆ ಕೂರುತ್ತಾರೆಯೇ? ನನ್ನೊಳಗೆ ಇಣುಕಿ ನೋಡುವುದು ನನ್ನ ಮನಸ್ಸಿನ ಶಾಂತಿಗೆ ಅಂತ ಯಾರು ಹೇಳಿದ್ದು? ಇಣುಕಿ ಕಂಡದ್ದನ್ನು ಹಿಡಿದು ಹೊರಗೆ ತರಬೇಕು. ಇಲ್ಲದಿದ್ದರೆ ಅದು ಕನ್ನಡಿ ಮುಂದೆ ಕೂತು ಕೂದಲು ಬಾಚಿಕೊಂಡಂತೆ. ನನಗೆ ಶಾಂತಿ ಬೇಡ. ಈ ಚಡಪಡಿಕೆ ನನ್ನ ಹತ್ತಿರ ಇರಲಿ, ಇದು ಪ್ರಾಮಾಣಿಕವಾಗಿದೆ.

ಹಾಗಾಗಿ ಸಾಹೇಬರ ಎರಡು ಸಾಲು ಬರೆಯಲಿಲ್ಲ. ಬೇರೆ ಬರೆದೆ. ‘ನೀರಿನ ವೇಳೆ ಬದಲಿಸಲು ಹೇಳಿದವನು ನಾನು. ಓಣಿ ಒಪ್ಪಿದೆ ಅಂತ ಸುಳ್ಳು ಹೇಳಿದವನು ನಾನು. ಮಾಬುಸಾಬರು ನೀರು ಮಾರಿಕೊಂಡಿದ್ದಾರೆ ಅನ್ನಲು ನಮ್ಮ ಹತ್ತಿರ ಯಾವ ಪುರಾವೆಯೂ ಇರಲಿಲ್ಲ. ದುರುದ್ದೇಶ ಅನ್ನುವ ಶಬ್ದವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ.’ ಕೆಳಗೆ ಹನ್ನೆರಡು ಗೆರೆ ಎಳೆದೆ. ಮೊದಲ ಗೆರೆಯ ಮೇಲೆ ಸಹಿ ಹಾಕಿ ಓಣಿಗೆ ಇಳಿದೆ.

ಮೊದಲ ಮನೆ ಶೇಖರಪ್ಪನವರದು. ನಿವೃತ್ತ ಹೆಡ್‌ಮಾಸ್ತರು, ಓಣಿಯ ಹಿರಿಯರು. ಹಾಳೆಯನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

“ಇದೇನ್ರಿ ಸರ್, ನೀವು ಮರತ್ರಿ ಅಂದ್ರ ನಾವೆಲ್ಲ ಮೂರ್ಖರಾದ್ವಲ್ಲ?”

“ಹೌದ್ರಿ. ನನ್ನ ಮಾತು ಕೇಳಿ ಆದ್ರಿ.”

“ಈಗ ಹೊಸಬಾ ಛಲೋ ನೀರು ಬಿಡಾಕತ್ಯಾನ. ಐದಕ್ಕಂದ್ರ ಐದಕ್ಕ. ಮತ್ತ್ಯಾಕ ಕೈ ಹಚ್ಚೂದು?”

“ಮಾಬುಸಾಬರೂ ಹನ್ನೆರಡು ವರ್ಷ ಐದಕ್ಕ ಬಿಟ್ಟಾರ. ಮಧ್ಯಾಹ್ನ ಮಾಡಿಸಿದವ ನಾನು.”

“ಹಂಗಾದ್ರ ನೀವೊಬ್ರ ಬರದು ಕೊಡ್ರಿ. ನಮ್ಮನ್ಯಾಕ ಎಳೀತೀರಿ?”

“ನನ್ನೊಬ್ಬನ ಸಹಿಯಿಂದ ಅವರ ಕೆಲಸ ಹೋಗಲಿಲ್ಲ, ಶೇಖರಪ್ಪನವರ. ಹನ್ನೆರಡು ಸಹಿಯಿಂದ ಹೋತು.”

ಅವರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. “ವಿಚಾರ ಮಾಡಿ ಹೇಳ್ತೀನಿ. ನೀವು ಭಾಳ ಓದೀರಿ, ಅದಕ್ಕ ಹಿಂಗ ಆಗೇತಿ.”

ಇರಬಹುದು. ಆದರೆ ಮಾಬುಸಾಬರ ಮೇಲೆ ಸಹಿ ಬೇಕಾದಾಗ ಇದೇ ಓದು ನಿಮಗೆ ಸಾಕಾಗಿತ್ತಲ್ಲ, ಮಾಸ್ತರರೇ?

ಈ ಅಂಕಣ ಬರೆಯುವ ಹೊತ್ತಿಗೆ ಮೂವರು ಸಹಿ ಹಾಕಿದ್ದಾರೆ. ಒಬ್ಬರು ಅಳುತ್ತ, ಒಬ್ಬರು ನನ್ನನ್ನು ಬೈಯುತ್ತ, ಒಬ್ಬರು ಬಾಗಿಲ ಸಂದಿಯಲ್ಲೇ. ವಾಟ್ಸಪ್ಪಿನಿಂದ ನನ್ನನ್ನು ಯಾರೋ ತೆಗೆದಿದ್ದಾರೆ. ಪರವಾಗಿಲ್ಲ. ಗಂಗಮ್ಮ ಹಾಳೆ ನೋಡಿ, ಅವಳ ಸಹಿ ಬೇಕಿಲ್ಲದಿದ್ದರೂ, ಹನ್ನೆರಡನೆಯ ಗೆರೆಯ ಕೆಳಗೆ ಗುಂಡಗೆ ತನ್ನ ಹೆಸರು ಬರೆದಳು. ಮಾಬುಸಾಬರು ಇನ್ನೂ ನನ್ನ ಜೊತೆ ಚಹಾ ಕುಡಿದಿಲ್ಲ. ಕುಡಿಯಬೇಕು ಅಂತ ಕೇಳುವ ಧೈರ್ಯವೂ ನನಗಿಲ್ಲ.

ಉಳಿದ ಎಂಟು ಜನರೇ, ನೀವು ಈ ಪತ್ರಿಕೆ ತರಿಸುತ್ತೀರಿ ಅಂತ ನನಗೆ ಗೊತ್ತು. ನಾಳೆ ಮುಂಜಾನೆ ಮತ್ತೆ ಬರುತ್ತೇನೆ. ನಾಡಿದ್ದೂ ಬರುತ್ತೇನೆ. ನಾನು ಒಳ್ಳೆಯವನಾಗಿಬಿಟ್ಟೆ ಅಂತಲ್ಲ. ಆ ಹಾಳೆಯಲ್ಲಿ ಒಂದು ಸುಳ್ಳಿದೆ, ಅದು ನನ್ನ ಕೈಬರಹದಲ್ಲಿದೆ, ಅದಕ್ಕೆ. ಒಂದು ಪ್ರಶ್ನೆಯನ್ನು ಮಾತ್ರ ಇವತ್ತೇ ಕೇಳಿಬಿಡುತ್ತೇನೆ:

ಒಬ್ಬ ಮನುಷ್ಯನ ಅನ್ನ ಕಸಿಯುವ ಹಾಳೆಗೆ ಓದದೆ ಸಹಿ ಹಾಕಿದ ನಿಮಗೆ, ಅದನ್ನು ತಿರುಗಿ ಕೊಡುವ ಹಾಳೆ ಓದಲು ಮಾತ್ರ ಕನ್ನಡಕ ಯಾಕೆ ಬೇಕು?